ಕಪ್ಪು ಕಾರಿನಲ್ಲಿ ಮುಖ ಕಾಣುವವರೆಗೆ: ಪ್ರದರ್ಶನಕ್ಕೆ ನಿಲ್ಲಿಸುವಂಥ ಹೊಳಪನ್ನು ಮನೆಯಲ್ಲೇ ತರುವ ಬಗೆ

ತೊಳೆದು ನೆರಳಿನಲ್ಲಿ ನಿಲ್ಲಿಸಿದ ಕಪ್ಪು ಕಾರು ಚೆನ್ನಾಗಿಯೇ ಕಾಣುತ್ತದೆ. ಅದನ್ನು ಮಧ್ಯಾಹ್ನದ ಬಿಸಿಲಿಗೆ ತಂದು, ಬಾನೆಟ್ಟಿನ ಮೇಲೆ ಸೂರ್ಯನ ಬಿಂಬ ಬಿದ್ದ ಜಾಗವನ್ನು ನೋಡಿ. ಬಿಂಬದ ಸುತ್ತ ಜೇಡರ ಬಲೆ ಕಟ್ಟಿದಂತೆ ನೂರಾರು ಗೆರೆಗಳು ಸುತ್ತುಸುತ್ತಾಗಿ ಮಿನುಗುತ್ತವೆ. ಆ ಗೀರುಗಳು ನಿಜಕ್ಕೂ ಸುತ್ತಾಗಿಲ್ಲ, ಎಲ್ಲ ದಿಕ್ಕಿಗೂ ಹರಡಿವೆ. ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಕಣ್ಣಿಗೆ ಹೊಳೆಯುವುದರಿಂದ ಬಲೆಯ ಆಕಾರ ತೋರುತ್ತದೆ. ಇವನ್ನು ಸುಳಿಗೀರು ಎಂದು ಕರೆಯೋಣ. ಇವುಗಳಿಂದಾಗಿಯೇ ಕಪ್ಪು ಬಣ್ಣ ಬೂದಿಯಾಗಿ, ಕೆಂಪು ಬಣ್ಣ ಮಂಕಾಗಿ ಕಾಣುವುದು.

ನನ್ನ ಕಪ್ಪು ಸೆಡಾನಿಗೆ ಈಗ ಹನ್ನೆರಡು ವರ್ಷ. ಮೊದಲ ಐದು ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿತ್ತು. ಬೆಳಗಿನ ಜಾವ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಇಪ್ಪತ್ತು ಕಾರುಗಳನ್ನು ಒರೆಸುವ ಪದ್ಧತಿ ಅಲ್ಲಿತ್ತು. ಮೊದಲ ಕಾರಿನ ಚಕ್ರದ ಮರಳು ಇಪ್ಪತ್ತನೆಯ ಕಾರಿನ ಬಾನೆಟ್ಟಿಗೆ ಬರುತ್ತಿತ್ತು. ಆ ಐದು ವರ್ಷಗಳ ಗೀರನ್ನು ತೆಗೆಯಲು ನನಗೆ ಎರಡು ಪೂರ್ಣ ದಿನ ಹಿಡಿಯಿತು. ಅದರಿಂದ ಕಲಿತದ್ದನ್ನೂ, ಆಮೇಲೆ ಭಾವನ ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಹಳೆಯ ಕಾರುಗಳ ಕೂಟಕ್ಕೆ ಸಿದ್ಧಪಡಿಸುವಾಗ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಡುಗಂಟಿನ ಲೆಕ್ಕ

ಕೆಲಸಕ್ಕೆ ಕೈ ಹಾಕುವ ಮುನ್ನ ಬಣ್ಣದ ರಚನೆ ತಿಳಿದಿರಬೇಕು. ಇಂದಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಈ ಮೇಲಿನದೇ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ ಇರುತ್ತವೆ; ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ತಲೆಗೂದಲೊಂದರ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ, ಕಾರಿನ ಇಡೀ ಹೊಳಪು ಕೂದಲಿಗಿಂತ ತೆಳುವಾದ ಪದರದಲ್ಲಿದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಈ ಪದರವೇ.

ಗೀರು ತೆಗೆಯುವುದೆಂದರೆ, ಗೀರಿನ ತಳ ಸಿಗುವವರೆಗೆ ಸುತ್ತಲಿನ ಪದರವನ್ನು ಸವೆಸಿ ಸಮ ಮಾಡುವುದು. ಕಾಂಪೌಂಡ್ ಎಂದು ಕರೆಯುವ ಒರಟು ಪಾಲಿಶಿನ ಒಂದು ಸುತ್ತು ಒಂದೆರಡು ಮೈಕ್ರಾನ್ ತೆಗೆಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ತೆಗೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಕ್ಲಿಯರ್ ಕೋಟ್ ನಿಮ್ಮ ಇಡುಗಂಟು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಇರುವ ಪ್ರಶ್ನೆ ಒಂದೇ: ಈ ಇಡುಗಂಟಿನಿಂದ ಎಷ್ಟು ಕಡಿಮೆ ತೆಗೆದು ಕೆಲಸ ಮುಗಿಸಬಹುದು? ತೊಳೆಯುವುದಕ್ಕೆ ನಾನು ಇಡೀ ಒಂದು ದಿನ ಕೊಡುವುದೂ ಅದಕ್ಕಾಗಿಯೇ. ಸರಿಯಾಗಿ ತೊಳೆಯದೆ ಪಾಲಿಶ್ ಯಂತ್ರ ಹಿಡಿದರೆ, ಉಳಿದ ಮರಳೇ ಹೊಸ ಗೀರು ಎಳೆಯುತ್ತದೆ.

ಬಣ್ಣದ ದಪ್ಪ ಅಳೆಯುವ ಮೀಟರ್ ಸಿಗುತ್ತದೆ. ಕೊಳ್ಳಲಾಗದಿದ್ದರೆ ಒಂದು ದಿನದ ಮಟ್ಟಿಗೆ ಯಾರಿಂದಲಾದರೂ ಪಡೆಯಿರಿ. ಪ್ರತಿ ಭಾಗದಲ್ಲಿ ನಾಲ್ಕೈದು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಒಂದು ಬಾಗಿಲು ಮಾತ್ರ 200 ದಾಟಿದರೆ ಅದಕ್ಕೆ ಹಿಂದೆ ಮರುಬಣ್ಣ ಹೊಡೆದಿದ್ದಾರೆ ಎಂದರ್ಥ. 400, 500 ತೋರಿದರೆ ಕೆಳಗೆ ಪುಟ್ಟಿ ಇದೆ. 80ಕ್ಕಿಂತ ಕಡಿಮೆ ಇದ್ದರೆ ಆ ಭಾಗವನ್ನು ಒರಟಾಗಿ ಉಜ್ಜಲೇಬೇಡಿ. ಈ ಮೀಟರುಗಳು ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತವೆ, ಪ್ಲಾಸ್ಟಿಕ್ ಬಂಪರಿನ ಮೇಲೆ ಏನನ್ನೂ ಹೇಳುವುದಿಲ್ಲ.

ಜಾಗ ಮತ್ತು ಕಾಲ

ನೆರಳು ಬೇಕು, ಗಾಳಿ ಜೋರಾಗಿ ಬೀಸಬಾರದು, ತಗಡು ಮುಟ್ಟಿದರೆ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ಶಾಂಪೂ ಒಣಗಿ ಕಲೆ ಕಟ್ಟುತ್ತದೆ, ಪಾಲಿಶ್ ಪುಡಿಯಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ಒಂಬತ್ತರೊಳಗೆ ಮುಗಿಸಬೇಕು, ಇಲ್ಲವೇ ಮುಚ್ಚಿದ ಶೆಡ್ಡಿಗೆ ಹೋಗಬೇಕು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ, ಕೊನೆಗೆ ಬಣ್ಣದ ಕಾಪಿಗೆಂದು ಹಚ್ಚುವ ಸೆರಾಮಿಕ್ ಲೇಪನ ಬೇಗ ಗಟ್ಟಿಯಾಗಿ ಒರೆಸಲು ಕಷ್ಟವಾಗುತ್ತದೆ, ಏಕೆಂದರೆ ಅನೇಕ ಲೇಪನಗಳು ಗಾಳಿಯ ತೇವದಿಂದಲೇ ಗಟ್ಟಿಗೊಳ್ಳುತ್ತವೆ. ನಾನು ಪ್ರತಿವರ್ಷ ಗಣೇಶನ ಹಬ್ಬ ಕಳೆದ ಮೇಲೆ, ಮಹಾನವಮಿಗೆ ಒಂದೆರಡು ವಾರ ಇರುವಾಗ ಬಿಡುವಿನ ಎರಡು ದಿನ ಹುಡುಕಿಕೊಳ್ಳುತ್ತೇನೆ.

ಮೊದಲ ದಿನ: ತೊಳೆಯುವುದು

ಚಕ್ರಗಳಿಂದ ಆರಂಭಿಸಿ. ಕಾರಿನ ಅತ್ಯಂತ ಕೊಳಕು ಜಾಗ ಅದು. ಮೈ ತೊಳೆದ ಮೇಲೆ ಚಕ್ರ ತೊಳೆದರೆ ಕೊಳಕೆಲ್ಲ ಮತ್ತೆ ಮೈಗೆ ಹಾರುತ್ತದೆ. ಚಕ್ರಕ್ಕೆ ಬೇರೆಯೇ ಬಕೆಟ್, ಬೇರೆಯೇ ಬ್ರಷ್, ಬೇರೆಯೇ ಬಟ್ಟೆ ಇರಲಿ. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆಮಣ್ಣು ಚಕ್ರದ ಮೇಲಿನ ಕಮಾನಿನೊಳಗೆ ಅಂಟಿ ಕಲ್ಲಾಗಿರುತ್ತದೆ. ಅದನ್ನು ಕೆರೆಯದೆ, ನೀರು ಹಾಯಿಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ.

ಆಮೇಲೆ ಮೈಯನ್ನು ಮುಟ್ಟದೆಯೇ ನೀರು ಹೊಡೆಯಿರಿ. ಒತ್ತಡದ ಪಂಪು ಇದ್ದರೆ ಮೂತಿಯನ್ನು ಕನಿಷ್ಠ ಒಂದಡಿ ದೂರ ಹಿಡಿಯಬೇಕು. ಕಲ್ಲು ಬಡಿದು ಬಣ್ಣ ಹಾರಿದ ಜಾಗಕ್ಕೆ ಹತ್ತಿರದಿಂದ ಹೊಡೆದರೆ ಉಳಿದ ಬಣ್ಣವೂ ಎದ್ದು ಬರುತ್ತದೆ. ನೊರೆ ಸಿಂಪಡಿಸಿ ಐದು ನಿಮಿಷ ಬಿಡಿ, ಒಣಗುವ ಮುನ್ನ ತೊಳೆಯಿರಿ. ಮಲೆನಾಡಿನ ಕೆಮ್ಮಣ್ಣಿನ ದೂಳು ಕೂತ ಕಾರಿಗೆ ಈ ನೊರೆಯ ಸುತ್ತನ್ನು ಎರಡು ಸಲ ಮಾಡುತ್ತೇನೆ.

ಈಗ ಎರಡು ಬಕೆಟ್, ತಲಾ 18ರಿಂದ 20 ಲೀಟರಿನವು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಎರಡರ ತಳದಲ್ಲೂ ಮರಳು ಮೇಲೇಳದಂತೆ ತಡೆಯುವ ಜಾಲರಿ. ಮೈಕ್ರೊಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ಒರೆಸಿ, ಬರೀ ನೀರಿನಲ್ಲಿ ಜಾಲರಿಗೆ ತಾಗಿಸಿ ಜಾಲಾಡಿ, ಹಿಂಡಿ, ಮತ್ತೆ ಶಾಂಪೂವಿಗೆ. ಮೇಲ್ಛಾವಣಿಯಿಂದ ಕೆಳಕ್ಕೆ ಬನ್ನಿ. ಕೈ ನೇರ ಗೆರೆಯಲ್ಲಿ ಓಡಲಿ, ಒತ್ತಬೇಡಿ. ಬಾಗಿಲಿನ ಕೆಳಗಿನ ಒಂದಡಿ ಕೊನೆಗೆ ಉಳಿಯಲಿ, ಅದಕ್ಕೆ ಇನ್ನೊಂದು ಗವಸು. ಪಾತ್ರೆ ತೊಳೆಯುವ ಸೋಪಿನ ನೀರು ಹಳೆಯ ಮೇಣವನ್ನು ಸವೆಸುತ್ತದೆ, ರಬ್ಬರನ್ನೂ ಒಣಗಿಸುತ್ತದೆ. ಅದನ್ನು ಬಳಸದಿರುವುದೇ ಒಳ್ಳೆಯದು. ಕಾರಿನ ಶಾಂಪೂ ಒಂದು ಸೀಸೆ ತಂದರೆ ವರ್ಷವಿಡೀ ಬರುತ್ತದೆ.

ನೀರಿನ ಮಾತು

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಬಹಳಷ್ಟು ಕಾರುಗಳನ್ನು ಹಾಳು ಮಾಡುತ್ತಿರುವುದು ಕೊಳವೆಬಾವಿಯ ಗಡಸು ನೀರು. ಹನಿ ಒಣಗಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರವಾಗಿ ಉಳಿಯುತ್ತವೆ. ಬಿಸಿಲಿಗೆ ಸಿಕ್ಕ ಉಂಗುರ ಕ್ಲಿಯರ್ ಕೋಟನ್ನೇ ಕೊರೆದು ಕೂರುತ್ತದೆ.

ನೀರು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದ ಎಷ್ಟೋ ಮನೆಗಳಲ್ಲಿ ಆರ್‌ಒ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುತ್ತಾರೆ. ಆದರೆ ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಸೇರಿಕೊಳ್ಳುವುದು ಆ ನೀರಿನಲ್ಲೇ. ನಲ್ಲಿ ನೀರಿಗಿಂತ ಅದು ಗಡಸು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಕಾರಿನ ಕೊನೆಯ ಸುತ್ತಿಗೆ ಖಂಡಿತ ಬೇಡ. ಅದರ ಬದಲು ಮಳೆನೀರು ಹಿಡಿದಿಟ್ಟುಕೊಳ್ಳಿ. ಸೋಸಿದ ಮಳೆನೀರು ಎರಡು ಕ್ಯಾನ್ ಇದ್ದರೆ ಕೊನೆಯ ಸುತ್ತು ಮೇಲಿನಿಂದ ನಿಧಾನವಾಗಿ ಸುರಿಯಲು ಸಾಕು.

2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ನಾನು ಬಕೆಟ್ಟಿನ ತೊಳೆತಕ್ಕೆ ಹೊರಳಿದ್ದು ಆಗಲೇ. ತೊಳೆದ ಮೇಲೆ ನೀರು ಹಾಯಿಸಬೇಕಾಗಿಲ್ಲದ ದ್ರಾವಣಗಳಿವೆ. ಹತ್ತು ಲೀಟರ್ ನೀರಿಗೆ ಸೀಸೆಯ ಮೇಲೆ ಹೇಳಿದಷ್ಟು ಬೆರೆಸಿ, ಎಂಟು ಹತ್ತು ಮೈಕ್ರೊಫೈಬರ್ ಬಟ್ಟೆಗಳನ್ನು ಅದರಲ್ಲೇ ನೆನೆಹಾಕಿ, ಒಂದೊಂದು ಭಾಗಕ್ಕೆ ಬಟ್ಟೆಯ ಒಂದೊಂದು ಮಡಿಕೆ ಬಳಸಬೇಕು. ಬಳಸಿದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಬಾರದು. ಕೆಸರಿಲ್ಲದ ದಿನಗಳಲ್ಲಿ ಇಷ್ಟೇ ಸಾಕು, ಕಾರಿಗೂ ಊರಿಗೂ ಒಳ್ಳೆಯದು.

ಆಗಲೇ ಕೂತಿರುವ ಉಂಗುರಗಳಿಗೆ ಬಿಳಿ ವಿನೆಗರನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಮೇಲಿಟ್ಟು, ಒರೆಸಿ, ಚೆನ್ನಾಗಿ ತೊಳೆಯಿರಿ. ಲವಣ ಕರಗಿಯೂ ಕುಳಿಯ ಗುರುತು ಉಳಿದರೆ ಅದು ಯಂತ್ರದ ಪಾಲಿನ ಕೆಲಸ.

ಅಂಟಿಕೊಂಡಿರುವುದನ್ನು ಬಿಡಿಸುವುದು

ತೊಳೆದ ಕಾರಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿ. ಬರಿಗೈಗೆ ನುಣುಪೆನಿಸಿದ ಜಾಗ ಈಗ ರವೆ ಚೆಲ್ಲಿದಂತೆ ಒರಟಾಗಿ ಸಿಗುತ್ತದೆ. ಬ್ರೇಕ್ ಪ್ಯಾಡಿನ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಮರದಡಿ ನಿಂತಾಗ ಬಿದ್ದ ಅಂಟು, ಎಲ್ಲವೂ ಅಲ್ಲಿವೆ. ನೆರಳಿಗೆಂದು ನಾವು ಹುಡುಕುವ ಸಾಲುಮರಗಳಿಂದ ಬೀಳುವ ಆ ಜಿಗುಟು ಬಹುಮಟ್ಟಿಗೆ ಎಲೆಯ ರಸ ಹೀರುವ ಕೀಟಗಳ ಸಿಹಿ ವಿಸರ್ಜನೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿದರೆ ಸಡಿಲವಾಗುತ್ತದೆ. ಹಕ್ಕಿಯ ಹಿಕ್ಕೆಗೂ ಇದೇ ಕ್ರಮ. ಒಣಗಿದ ಮೇಲೆ ಎಂದೂ ಕೆರೆಯಬೇಡಿ.

ಮೊದಲು ಕಬ್ಬಿಣ ಕರಗಿಸುವ ದ್ರವವನ್ನು ಸಿಂಪಡಿಸಿ. ಎರಡು ನಿಮಿಷದಲ್ಲಿ ಬಿಳಿ ಕಾರಿನ ಮೇಲೂ ನೇರಳೆ ಧಾರೆಗಳು ಇಳಿಯತೊಡಗುತ್ತವೆ. ಅದರಲ್ಲಿರುವ ಥಯೊಗ್ಲೈಕೋಲೇಟ್ ಕಬ್ಬಿಣದೊಂದಿಗೆ ಸೇರಿದಾಗ ಬರುವ ಬಣ್ಣ ಅದು. ವಾಸನೆ ಕಟುವಾಗಿರುತ್ತದೆ, ತೆರೆದ ಜಾಗದಲ್ಲಿ, ಕೈಗವಸು ಹಾಕಿಯೇ ಮಾಡಿ, ಒಣಗಲು ಬಿಡಬೇಡಿ. ಡಾಂಬರಿಗೆ ಟಾರ್ ತೆಗೆಯುವ ದ್ರವ. ಸೀಮೆಎಣ್ಣೆ, ಡೀಸೆಲ್ ಕೂಡ ಡಾಂಬರನ್ನು ಕರಗಿಸುತ್ತವೆ ನಿಜ, ಆದರೆ ಎಣ್ಣೆಯ ಪೊರೆ ಬಿಟ್ಟು ಕಿಟಕಿಯ ರಬ್ಬರನ್ನು ಉಬ್ಬಿಸುತ್ತವೆ.

ಉಳಿದದ್ದಕ್ಕೆ ಕ್ಲೇ, ಅಂದರೆ ಜೇಡಿಮಣ್ಣಿನಂತೆ ಮೆತ್ತಗಿರುವ ಉಂಡೆ. ನಿಂಬೆಹಣ್ಣಿನ ಅರ್ಧದಷ್ಟು ತೆಗೆದು ಬಿಲ್ಲೆ ತಟ್ಟಿ, ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಭಾರ ಹಾಕದೆ ಜಾರಿಸಿ. ಮೊದಲು ಕರಕರ ಎನ್ನುವ ಸದ್ದು ನಾಲ್ಕು ಓಟದಲ್ಲಿ ನಿಂತುಹೋಗುತ್ತದೆ. ಪ್ರತಿ ಭಾಗಕ್ಕೂ ಬಿಲ್ಲೆ ಮಡಿಸಿ ಹೊಸ ಮುಖ ಹೊರತನ್ನಿ. ಕ್ಲೇ ನೆಲಕ್ಕೆ ಬಿದ್ದರೆ, ಎಷ್ಟೇ ಹೊಸದಾಗಿದ್ದರೂ, ಎಸೆದುಬಿಡಿ. ಒಂದು ಮರಳಿನ ಕಣ ಅಂಟಿಕೊಂಡರೆ ಬಾಗಿಲಿನ ಉದ್ದಕ್ಕೂ ಉಗುರಿನಲ್ಲಿ ಗೀಚಿದಂತಾಗುತ್ತದೆ.

ಮತ್ತೊಮ್ಮೆ ತೊಳೆದು, ದಪ್ಪ ಟವೆಲನ್ನು ಹಾಸಿ ನೀರು ಹೀರಿಸಿಕೊಳ್ಳಿ. ಕನ್ನಡಿಯ ಸಂದು, ಬಾಗಿಲ ಹಿಡಿಕೆ, ನಂಬರ್ ಪ್ಲೇಟಿನ ಹಿಂದೆ ಅಡಗಿದ ನೀರನ್ನು ಗಾಳಿ ಊದಿ ತೆಗೆಯಿರಿ. ಮರುದಿನ ಪಾಲಿಶ್ ಮಾಡುವಾಗ ಒಂದು ಹನಿ ಜಾರಿ ಬಂದರೂ ಯಂತ್ರಕ್ಕೆ ಹಾಕುವ ಮೆತ್ತೆ, ಅಂದರೆ ಪ್ಯಾಡ್, ಕೆಟ್ಟಂತೆ. ಮೊದಲ ದಿನದ ಕೆಲಸ ಇಲ್ಲಿಗೆ ಸಾಕು.

ಎರಡನೆಯ ದಿನ: ಯಂತ್ರ ಹಿಡಿಯುವ ಮುನ್ನ

ಒಳ್ಳೆಯ ಎಲ್‌ಇಡಿ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ಕಾರಿನ ಸುತ್ತ ನಿಧಾನವಾಗಿ ನಡೆಯಿರಿ. ಗೀರು ಕಂಡಲ್ಲಿ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶಿಗೆ ಮೀರಿದ್ದು. ಅದರ ಅಂಚನ್ನು ಮೃದುಗೊಳಿಸಿ ಕಣ್ಣಿಗೆ ಹೊಡೆಯದಂತೆ ಮಾಡಬಹುದು, ಪೂರ್ತಿ ತೆಗೆಯಲು ಹೊರಟರೆ ಕ್ಲಿಯರ್ ಕೋಟ್ ಮುಗಿಯುತ್ತದೆ. ಇಂಥ ಎರಡು ಮೂರು ಗೀರುಗಳನ್ನು ನನ್ನ ಕಾರಿನಲ್ಲಿ ಹಾಗೆಯೇ ಬಿಟ್ಟಿದ್ದೇನೆ. ಇಡುಗಂಟು ಉಳಿಯಿತಲ್ಲ ಎಂಬ ಸಮಾಧಾನವಿದೆ.

ರಬ್ಬರ್, ಕಪ್ಪು ಪ್ಲಾಸ್ಟಿಕ್, ಲಾಂಛನ, ಬಾಗಿಲಿನ ಅಂಚು, ಬಾನೆಟ್ಟಿನ ಏಣು ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚು, ಏಣುಗಳ ಮೇಲೆ ಬಣ್ಣ ಸಹಜವಾಗಿಯೇ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡವೂ ಅಲ್ಲೇ ಕೇಂದ್ರೀಕರಿಸುತ್ತದೆ. ಮೊದಲ ಸಲ ನಾನು ಹಿಡಿದದ್ದು ಒಂದೇ ಸಮನೆ ತಿರುಗುವ ರೋಟರಿ ಯಂತ್ರವನ್ನು, ಟೇಪ್ ಅಂಟಿಸದೆ. ಹಿಂದಿನ ಚಕ್ರದ ಮೇಲಿನ ಏಣಿನಲ್ಲಿ ಮೂರೇ ಸೆಕೆಂಡಿನಲ್ಲಿ ಬಿಳಿ ಪ್ರೈಮರ್ ಕಂಡಿತು. ಆ ಭಾಗಕ್ಕೆ ಇಡಿಯಾಗಿ ಬಣ್ಣ ಹೊಡೆಸಬೇಕಾಯಿತು. ಹೊಸಬರು ರೋಟರಿಯನ್ನು ಮುಟ್ಟಬಾರದೆಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರ ಕೊಳ್ಳಿ. 15 ಮಿಲಿಮೀಟರ್ ಓಲಾಟದ್ದು, ಐದು ಅಂಗುಲದ ತಟ್ಟೆಯದು, ನಮ್ಮ ಸಾಮಾನ್ಯ ಕಾರುಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಒತ್ತಿದರೆ ಇದರ ತಿರುಗಾಟ ನಿಂತೇ ಬಿಡುತ್ತದೆ. ಹೊಸಬರ ಕೈಯಲ್ಲಿ ಅದೇ ರಕ್ಷಣೆ.

ಪರೀಕ್ಷಾ ಚೌಕ

ಇಡೀ ಕಾರಿನ ತೀರ್ಮಾನ ಆಗುವುದು ಇಲ್ಲಿ, ಒಂದೂವರೆ ಅಡಿ ಚೌಕದಲ್ಲಿ. ಡಿಕ್ಕಿಯ ಮೇಲೆ ಟೇಪಿನಿಂದ ಚೌಕ ಗುರುತಿಸಿ. ನಿಮ್ಮಲ್ಲಿರುವ ಅತ್ಯಂತ ನಯವಾದ ಪಾಲಿಶ್, ಅತ್ಯಂತ ಮೆತ್ತನೆಯ ಪ್ಯಾಡ್ ಮೊದಲು. ಒಂದು ಸುತ್ತು ಮುಗಿಸಿ, ಒರೆಸಿ, ಟಾರ್ಚ್ ಹಿಡಿಯಿರಿ. ಸಾಲದಿದ್ದರೆ ಅದೇ ಪಾಲಿಶಿಗೆ ಸ್ವಲ್ಪ ಗಟ್ಟಿ ಪ್ಯಾಡ್. ಆಗಲೂ ಸಾಲದಿದ್ದರೆ ಮಧ್ಯಮ ಪಾಲಿಶ್. ಕೊನೆಯಲ್ಲಿ ಮಾತ್ರ ಕಾಂಪೌಂಡ್ ಮತ್ತು ಮೈಕ್ರೊಫೈಬರ್ ಪ್ಯಾಡ್. ಯಾವುದು ಸಾಕಾಯಿತೋ ಅಲ್ಲೇ ನಿಲ್ಲಿ, ಅದನ್ನೇ ಇಡೀ ಕಾರಿಗೆ ಬಳಸಿ. ಬೇಗ ಮುಗಿಯಲೆಂದು ಕಾಂಪೌಂಡಿನಿಂದಲೇ ಆರಂಭಿಸುವವರು ತಮ್ಮ ಕಾರಿನ ಬಣ್ಣ ಮೃದುವೋ ಗಟ್ಟಿಯೋ ಎಂದು ಅರಿಯುವ ಮೊದಲೇ ಖರ್ಚು ಮಾಡಿರುತ್ತಾರೆ. ನನ್ನ ಸೆಡಾನಿಗೆ ಬಾನೆಟ್ಟು, ಡಿಕ್ಕಿ, ಛಾವಣಿಗೆ ಕಾಂಪೌಂಡ್ ಬೇಕಾಯಿತು. ನಾಲ್ಕೂ ಬಾಗಿಲುಗಳು ಮಧ್ಯಮ ಪಾಲಿಶಿನಲ್ಲೇ ತಿಳಿಯಾದವು.

ಕೈಯ ಓಟ

ಹೊಸ ಪ್ಯಾಡಿನ ಮುಖಕ್ಕೆಲ್ಲ ಪಾಲಿಶನ್ನು ಬೆರಳಿನಿಂದ ತೆಳುವಾಗಿ ಸವರಿ, ಮೇಲೆ ಬಟಾಣಿ ಕಾಳಿನಷ್ಟು ನಾಲ್ಕು ಹನಿ ಇಡಿ. ಯಂತ್ರ ಚಾಲೂ ಮಾಡುವ ಮುನ್ನವೇ ಪ್ಯಾಡನ್ನು ತಗಡಿಗೆ ತಾಗಿಸಿ, ಗಾಳಿಯಲ್ಲಿ ಚಾಲೂ ಮಾಡಿದರೆ ಗೋಡೆಯೆಲ್ಲ ಪಾಲಿಶ್. ವೇಗ 1ರಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ. ಎರಡಡಿ ಚೌಕಕ್ಕಿಂತ ದೊಡ್ಡ ಜಾಗ ಹಿಡಿಯಬೇಡಿ. ಮೊದಲು ಉದ್ದುದ್ದ ಸಾಲು, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ. ಆಮೇಲೆ ಅದರ ಮೇಲೆ ಅಡ್ಡಡ್ಡ ಸಾಲು. ಹೀಗೆ ಉದ್ದ ಎರಡು, ಅಡ್ಡ ಎರಡು ಸಲ. ಕೈ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ಮಾತ್ರ ಚಲಿಸಬೇಕು. ಹೊಸಬರಿಗೆ ಇದು ತಾಳಲಾರದಷ್ಟು ನಿಧಾನ ಎನಿಸುತ್ತದೆ. ಧಾರವಾಡದ ಕಸೂತಿ ಹಾಕುವವರ ಸೂಜಿ ಬಟ್ಟೆಯ ಎಳೆ ಎಣಿಸಿಕೊಂಡು ಓಡುವುದನ್ನು ನೋಡಿದವರಿಗೆ ಈ ನಿಧಾನ ಅರ್ಥವಾಗುತ್ತದೆ.

ತಟ್ಟೆಯ ಅಂಚಿಗೆ ಮಾರ್ಕರಿನಿಂದ ಕಪ್ಪು ಗೆರೆ ಎಳೆದಿಟ್ಟುಕೊಳ್ಳಿ. ಗೆರೆ ತಿರುಗುತ್ತಿರುವುದು ಕಂಡರೆ ಕೆಲಸ ನಡೆಯುತ್ತಿದೆ. ನಿಂತಲ್ಲೇ ನಡುಗಿದರೆ ಒತ್ತಡ ಹೆಚ್ಚಾಗಿದೆ ಅಥವಾ ಪ್ಯಾಡ್ ಓರೆಯಾಗಿದೆ. ಪ್ರತಿ ಚೌಕ ಮುಗಿದ ಕೂಡಲೇ ಪ್ಯಾಡನ್ನು ಬ್ರಷ್ಷಿನಿಂದ ಉಜ್ಜಿ ಸವೆದ ಬಣ್ಣದ ಹುಡಿಯನ್ನು ತೆಗೆಯಿರಿ. ಒಂದು ಕಾರಿಗೆ ಐದಾರು ಪ್ಯಾಡ್ ಬೇಕೇ ಬೇಕು. ಒಂದೇ ಪ್ಯಾಡಿನಲ್ಲಿ ಎಳೆದಾಡಿದರೆ ಅದು ಬಿಸಿಯಾಗಿ, ಒಳಗೆ ನೆನೆದು, ಗೀರು ತೆಗೆಯುವುದನ್ನೇ ನಿಲ್ಲಿಸುತ್ತದೆ. ಆಗಾಗ ಅಂಗೈಯಿಂದ ತಗಡನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ನಿಲ್ಲಿಸಿ. ಬಂಪರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಲೋಹದಂತೆ ಪ್ಲಾಸ್ಟಿಕ್ ಶಾಖವನ್ನು ಹರಡುವುದಿಲ್ಲ, ಒಂದೇ ಕಡೆ ಕೂಡಿಟ್ಟುಕೊಳ್ಳುತ್ತದೆ.

ಕಾಂಪೌಂಡ್ ಮುಗಿದಾಗ ಕಪ್ಪು ಕಾರಿನ ಮೇಲೆ ತೆಳುವಾದ ಮಂಜು ಮುಸುಕಿದಂತೆ ಕಾಣುತ್ತದೆ. ಅದು ಕಾಂಪೌಂಡ್ ತಾನೇ ಬಿಟ್ಟ ಅತಿಸಣ್ಣ ಗೀರು. ಹೆದರಬೇಡಿ. ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್, ಒತ್ತಡ ಯಂತ್ರದ ಭಾರದಷ್ಟೇ, ವೇಗ 3 ಅಥವಾ 4. ಈ ಎರಡನೆಯ ಸುತ್ತಿನಲ್ಲಿ ಮಂಜು ಹರಿದು ಕಪ್ಪು ಕೆಳಗಿನಿಂದ ಮೇಲೆದ್ದು ಬರುತ್ತದೆ. ತೆಂಗಿನ ಗರಿಯ ಒಂದೊಂದು ಕಡ್ಡಿಯೂ ಬಾನೆಟ್ಟಿನಲ್ಲಿ ಬಿಡಿಬಿಡಿಯಾಗಿ ಮೂಡಿದ ಆ ಕ್ಷಣ ನನಗೆ ಇವತ್ತಿಗೂ ನೆನಪಿದೆ. ಊಟ ಮರೆತು ನಿಂತಿದ್ದೆ.

ಪ್ರತಿ ಭಾಗ ಮುಗಿದ ಮೇಲೆ ನೂರು ಪಾಲಿನಲ್ಲಿ ಹದಿನೈದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಇರುವ ನೀರು ಸಿಂಪಡಿಸಿ ಒರೆಸಿ. ಪಾಲಿಶಿನಲ್ಲಿರುವ ಎಣ್ಣೆ ಗೀರಿನೊಳಗೆ ತುಂಬಿಕೊಂಡು ಗೀರು ಹೋದಂತೆ ತೋರಿಸುತ್ತದೆ. ಎಣ್ಣೆ ತೆಗೆದಾಗ ಉಳಿದದ್ದೇ ನಿಜ. ಒಮ್ಮೆ ನಾನು ದುಡ್ಡು ಕೊಟ್ಟು ಹೊರಗೆ ಪಾಲಿಶ್ ಮಾಡಿಸಿದ್ದ ಕಾರು ಮೂರನೆಯ ತೊಳೆತಕ್ಕೆ ಮೊದಲಿನಂತೆಯೇ ಆಯಿತು. ಅಲ್ಲಿ ಗೀರು ತೆಗೆದಿರಲಿಲ್ಲ, ತುಂಬಿದ್ದರು. ಕೆಲಸವನ್ನು ಬೇರೆಯವರಿಗೆ ಕೊಡುವುದಾದರೆ, ಹಣ ಕೊಡುವ ಮುನ್ನ ಒಂದು ಭಾಗವನ್ನು ನಿಮ್ಮೆದುರೇ ಆಲ್ಕೊಹಾಲಿನಿಂದ ಒರೆಸಿಸಿ ಬಿಸಿಲಿನಲ್ಲಿ ನೋಡಿ. ಕೇಳುವ ಹಕ್ಕು ನಿಮಗಿದೆ.

ಬಣ್ಣದ ಮೇಲಿನ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗನ್ನು 2000, 3000 ನಂಬರಿನ ಮರಳುಕಾಗದದಿಂದ ನೀರು ಹಾಕಿ ಉಜ್ಜಿ ತೆಗೆಯುವ ವಿದ್ಯೆಯೂ ಇದೆ. ಹೊಸದಾಗಿ ದಪ್ಪವಾಗಿ ಬಣ್ಣ ಹೊಡೆಸಿದ ಕಾರಿಗೆ ಅದು ಸಲ್ಲುತ್ತದೆ. ಕಾರ್ಖಾನೆಯ ಬಣ್ಣಕ್ಕೆ ಬೇಡ.

ಪದ್ಮಿನಿ, ಅಂಬಾಸಿಡರ್ ಇದ್ದವರಿಗೆ

ಹಳೆಯ ಕಾರುಗಳ ಬಣ್ಣಕ್ಕೆ ಬಹುತೇಕ ಮೇಲಿನ ಪಾರದರ್ಶಕ ಪದರವೇ ಇರುವುದಿಲ್ಲ. ಬಣ್ಣವೇ ಹೊರಮೈ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಮರೆಯ ಜಾಗದಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಅದು ಈ ಬಗೆಯದು. ಭಾವನ ಪದ್ಮಿನಿಯ ಕಡುನೀಲಿ, ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಒಣಗಿದ ಇಂಥ ಬಣ್ಣಕ್ಕೆ ಯಂತ್ರಕ್ಕಿಂತ ಮುಂಚೆ ಎಣ್ಣೆಯಂಶ ಬೇಕು. ಎಣ್ಣೆ ಹೆಚ್ಚಿರುವ, ಒರಟು ಕಣಗಳಿಲ್ಲದ, ಗ್ಲೇಜ್ ಎಂಬ ಪಾಲಿಶನ್ನು ದಪ್ಪವಾಗಿ ಬಳಿದು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಹಳೆಯ ಹತ್ತಿ ಟವೆಲಿನಿಂದ ಒರೆಸಿದಾಗ ನೀಲಿ ಅರ್ಧ ಮರಳಿ ಬಂದಿತ್ತು. ಉಳಿದದ್ದನ್ನು ನಯವಾದ ಪಾಲಿಶಿನಿಂದ, ಬಹುಪಾಲು ಕೈಯಿಂದಲೇ ಮುಗಿಸಿದೆವು. ಪ್ಯಾಡ್ ನೀಲಿಯಾಗುವುದು ಇಲ್ಲಿ ಸಹಜ, ಆದರೆ ಪ್ಯಾಡಿಗೆ ಬಂದ ನೀಲಿಯೆಲ್ಲ ಕಾರಿನದೇ ಎಂಬ ನೆನಪಿರಲಿ.

ಕ್ರೋಮ್ ಬಂಪರಿನ ಮೇಲಿನ ತೆಳು ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿದರೆ ಸಾಕು. ಕ್ರೋಮಿಗಿಂತ ಅಲ್ಯೂಮಿನಿಯಂ ಮೃದುವಾದ್ದರಿಂದ ಗೀರು ಬೀಳುವುದಿಲ್ಲ. ಹಳೆಯ ಕಾರನ್ನು ಅತಿಯಾಗಿ ಹೊಳೆಸುವ ಆಸೆಗೆ ಬೀಳಬೇಡಿ. ಆ ಕಾರು ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಿರಬೇಕೆಂದು ನೋಡುವ ತೀರ್ಪುಗಾರರಿದ್ದಾರೆ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಕಾರು ಸಂಗ್ರಹಾಲಯದಲ್ಲಿ ಒಂದು ಗಂಟೆ ಕಳೆಯಿರಿ, ಹಳೆಯ ಬಣ್ಣಗಳ ಗುಣ ಕಣ್ಣಿಗೆ ಒಗ್ಗುತ್ತದೆ.

ಕಾಪು

ಪ್ರದರ್ಶನಕ್ಕೆಂದೇ ಆದರೆ ನನ್ನ ಆಯ್ಕೆ ಕಾರ್ನಾಬಾ ಮೇಣ. ಈಶಾನ್ಯ ಬ್ರೆಜಿಲಿನ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುವ ಈ ಮೇಣ ಕರಗಲು 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕಪ್ಪು, ಕೆಂಪು, ಕಡುನೀಲಿಗೆ ಅದು ಕೊಡುವ ಆಳ, ಒದ್ದೆ ಕಲ್ಲಿನಂಥ ಕಾಂತಿ, ಬೇರೆ ಯಾವುದರಲ್ಲೂ ನನಗೆ ಕಂಡಿಲ್ಲ. ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಹಚ್ಚಿ, ಬೆರಳಿನಿಂದ ಎಳೆದಾಗ ಅಂಟದೆ ತಿಳಿಗೆರೆ ಮೂಡಿದರೆ ಒರೆಸಿ. ಬಾಳಿಕೆ ನಮ್ಮ ಬಿಸಿಲಿನಲ್ಲಿ ಒಂದೆರಡು ತಿಂಗಳು.

ದಿನವೂ ಓಡಾಡುವ ಕಾರಿಗೆ ಸೆರಾಮಿಕ್ ಲೇಪನ ಒಳ್ಳೆಯದು. ಆದರೆ ಜಾಹೀರಾತಿನ ‘9ಎಚ್’ ನೋಡಿ ವಜ್ರದ ಪಕ್ಕದ ಗಟ್ಟಿತನ ಎಂದು ತಿಳಿಯಬೇಡಿ. ಅದು ಪೆನ್ಸಿಲಿನ ಮೊನೆಯಿಂದ ಗೀಚಿ ನೋಡುವ ಅಳತೆ. ಮೈಕ್ರಾನಿನ ಆಸುಪಾಸಿನ ಆ ಪದರ ಕೊಳಕು ಅಂಟದಂತೆ, ನೀರು ಜಾರುವಂತೆ ಮಾಡುತ್ತದೆ. ಒಣ ಬಟ್ಟೆಯ ಗೀರನ್ನು ತಡೆಯಲಾರದು, ಗಡಸು ನೀರಿನ ಉಂಗುರವನ್ನೂ ತಡೆಯಲಾರದು. ಹಚ್ಚಿದ ಮೇಲೆ ಒಂದು ದಿನ ನೀರು, ಇಬ್ಬನಿ ತಾಗದಂತೆ ಒಳಗೆ ನಿಲ್ಲಿಸಿ. ಕೆಳಗೆ ಗೀರು ಉಳಿದಿದ್ದರೆ ಗಾಜಿನ ಚೌಕಟ್ಟು ಹಾಕಿದಂತೆ ಅದನ್ನೂ ಕಾಪಾಡುತ್ತದೆ.

ಮೈ ಬಿಟ್ಟು ಉಳಿದದ್ದು

ಗಾಜನ್ನು ಒಳಗಿನಿಂದ ಉದ್ದಕ್ಕೆ, ಹೊರಗಿನಿಂದ ಅಡ್ಡಕ್ಕೆ ಒರೆಸಿ. ಮಸುಕು ಉಳಿದರೆ ಯಾವ ಬದಿಯದೆಂದು ಗೆರೆಯ ದಿಕ್ಕೇ ಹೇಳುತ್ತದೆ. ಗಾಜಿನ ಮೇಲಿನ ಹಳೆಯ ನೀರುಂಗುರಕ್ಕೆ ಸೀರಿಯಂ ಆಕ್ಸೈಡ್ ಪಾಲಿಶ್ ಬೇಕು. ಹಳದಿಯಾದ ಹೆಡ್‌ಲೈಟನ್ನು ಉಜ್ಜಿ ತಿಳಿ ಮಾಡಿದ ಮೇಲೆ ಅತಿನೇರಳೆ ತಡೆಯುವ ಲೇಪನ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಎಂಜಿನ್ ಕೋಣೆಗೆ ಒತ್ತಡದ ನೀರು ಬೇಡ. ಬ್ಯಾಟರಿ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ ಮುಚ್ಚಿ, ಬ್ರಷ್ ಮತ್ತು ಒದ್ದೆ ಬಟ್ಟೆಯಲ್ಲೇ ಮುಗಿಸಿ. ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರುವವರನ್ನು ಕಂಡಿದ್ದೇನೆ: ಗಾಜಿನಲ್ಲಿ ಪ್ರತಿಫಲನ, ಮೇಲೆ ದೂಳು. ಅಲ್ಲಿ ಹೊಳಪೇ ಇರಬಾರದು. ಟೈರಿಗೂ ನೀರು ಆಧಾರಿತ ಲೇಪನ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಇಲ್ಲದಿದ್ದರೆ ಮೊದಲ ಕಿಲೋಮೀಟರಿನಲ್ಲೇ ಅದು ಬಾಗಿಲಿಗೆ ಹಾರುತ್ತದೆ. ಬಾಗಿಲು ತೆರೆದಾಗ ಕಾಣುವ ಚೌಕಟ್ಟು, ಡಿಕ್ಕಿಯ ನೀರುಗಾಲುವೆ, ಪೆಟ್ರೋಲ್ ಮುಚ್ಚಳದ ಒಳಭಾಗ, ತೀರ್ಪುಗಾರರು ಬಗ್ಗಿ ನೋಡುವುದು ಈ ಜಾಗಗಳನ್ನೇ.

ಮೆರೆಯುವ ದಿನ, ಪೂಜೆಯ ದಿನ

ಕೂಟದ ಜಾಗಕ್ಕೆ ಹೋಗುವಷ್ಟರಲ್ಲಿ ದೂಳು ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಎರಡು ದಿನದ ಶ್ರಮ ಒಂದು ನಿಮಿಷದಲ್ಲಿ ಹೋಗುತ್ತದೆ. ನೀರು ಹಾಯಿಸಬೇಕಾಗಿಲ್ಲದ ಆ ದ್ರಾವಣ ಸಿಂಪಡಿಸಿ, ಮೆತ್ತನೆಯ ಬಟ್ಟೆ ನಾಲ್ಕು ಮಡಿಕೆ ಮಾಡಿ, ಪ್ರತಿ ಭಾಗಕ್ಕೂ ಮಡಿಕೆ ಬದಲಿಸಿ ಒಂದೇ ದಿಕ್ಕಿಗೆ ಎಳೆಯಿರಿ. ಟೈರಿನ ಸಂದಿನ ಕಲ್ಲು ತೆಗೆಯಿರಿ. ನಾಲ್ಕೂ ಚಕ್ರಗಳ ಲಾಂಛನ ನೆಟ್ಟಗೆ ನಿಲ್ಲುವಂತೆ ಕಾರನ್ನು ಅಂಗುಲ ಅಂಗುಲ ಸರಿಸಿ.

ನನ್ನ ಕಾರು ನಿಜವಾಗಿ ಮೆರೆಯುವುದು ಆಯುಧಪೂಜೆಯಂದು. ಆ ದಿನಕ್ಕೆ ಕೆಲವು ಮಾತು ಹೇಳಲೇಬೇಕು. ಚೆಂಡುಹೂವಿನ ಹಾರವನ್ನು ತಂತಿಯಿಂದ ಕಟ್ಟಿಸಬೇಡಿ, ಹತ್ತಿ ದಾರ ಅಥವಾ ಬಾಳೆನಾರು ಇರಲಿ. ಓಡುವಾಗ ಅಲುಗುವ ತಂತಿಯ ತುದಿ ಬಾನೆಟ್ಟನ್ನು ಕೊರೆಯುತ್ತದೆ. ಬಣ್ಣದ ಕಾಗದದ ಮಾಲೆ ಮಳೆ ಬಿದ್ದರೆ ಬಣ್ಣ ಬಿಡುತ್ತದೆ. ಬಾಳೆಕಂದನ್ನು ಕಟ್ಟುವ ಜಾಗಕ್ಕೆ ಮೊದಲು ಮೆತ್ತನೆಯ ಬಟ್ಟೆ ಸುತ್ತಿ. ಅಂಟುಪಟ್ಟಿಯನ್ನು ಬಣ್ಣದ ಮೇಲೆ ಅಂಟಿಸದೆ ಗಾಜಿಗೆ ಅಂಟಿಸಿ. ಗಂಧ, ಅರಿಶಿನ, ಕುಂಕುಮವನ್ನು ಗಾಜಿಗೆ, ನಂಬರ್ ಪ್ಲೇಟಿಗೆ ಹಚ್ಚಬಹುದು. ಬಾನೆಟ್ಟಿಗೇ ಹಚ್ಚಬೇಕೆಂದು ಮನೆಯ ಹಿರಿಯರ ಮನಸ್ಸಿದ್ದರೆ ಧಾರಾಳವಾಗಿ ಹಚ್ಚಲಿ, ಹಿಂದಿನ ದಿನ ಮೇಣ ಬಳಿದಿದ್ದರೆ ಬಣ್ಣಕ್ಕೆ ನೇರವಾಗಿ ತಾಗುವುದಿಲ್ಲ. ಒಣಗಿದ ಕುಂಕುಮವನ್ನು ಬೆರಳಿನಿಂದ ಉಜ್ಜಬಾರದು. ಅರಿಶಿನದ ಹಳದಿ ಉಳಿದರೂ ಗಾಬರಿ ಬೇಡ, ಬಿಸಿಲಿಗೆ ಅದು ತಾನಾಗಿ ಮಾಸುತ್ತದೆ. ಬೂದುಗುಂಬಳ ಒಡೆಯುವುದು ಕಾರಿನಿಂದ ನಾಲ್ಕು ಹೆಜ್ಜೆ ಆಚೆಗಿರಲಿ. ನಮ್ಮ ಮನೆಯಲ್ಲಿ ಪೂಜೆ ಮುಗಿದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯ್ದು, ಅಮ್ಮನನ್ನು ಕೂರಿಸಿಕೊಂಡು ದೇವಸ್ಥಾನದವರೆಗೆ ಒಂದು ಸುತ್ತು ಹೋಗಿ ಬರುತ್ತೇವೆ. ಮರುದಿನ ವಿಜಯದಶಮಿಯ ಬೆಳಿಗ್ಗೆ, ಬಿಸಿಲೇರುವ ಮುನ್ನ, ಹಾರ ಬಿಚ್ಚಿ ಎರಡು ಬಕೆಟ್ ತುಂಬಿಸಿಕೊಳ್ಳುತ್ತೇನೆ.